ಹಾಸಿಗೆಯೊಳಗಿನ ಧೂಳುನುಸಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ. ಎಂಟು ವರ್ಷದ ಮಗಳು ಬೆಳಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸಲ ಸೀನುತ್ತಾಳೆ, ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಶಾಲೆಗೆ ಹೋದ ಮೇಲೆ ಕಡಿಮೆಯಾಗುತ್ತದೆ. ಮಳೆಗಾಲ ಶುರುವಾದ ಮೇಲೆ ರಾತ್ರಿ ಕೆಮ್ಮೂ ಸೇರಿಕೊಂಡಿದೆ. ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿದ ವೈದ್ಯರು, ಹಾಸಿಗೆಯ ಧೂಳಿನಲ್ಲಿರುವ ಹುಳ ಇದಕ್ಕೆ ಕಾರಣ ಎಂದರು. ದಿನವೂ ಗುಡಿಸಿ ಒರೆಸಿ, ಹಾಸಿಗೆಯನ್ನು ಕೊಡವಿಯೇ ಸುತ್ತಿಡುವ ನಮ್ಮ ಮನೆಯಲ್ಲಿ ಹುಳ ಎಲ್ಲಿಂದ ಬಂತು? ಔಷಧಿ ಹೊಡೆಯಬೇಕೇ? ಬೂರುಗದ ಹತ್ತಿಯ ಹಾಸಿಗೆಯನ್ನು ಬಿಸಾಡುವುದು ಬೇಡ ಎಂದು ಅತ್ತೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?
(ಓದುಗರೊಬ್ಬರು, ಉತ್ತರ ಕನ್ನಡ)

ಉತ್ತರ: ನಿಮ್ಮ ಪತ್ರದಲ್ಲಿ ಹುಳದ ಚಿಂತೆಗಿಂತ ಮನೆ ಕೊಳಕಾಗಿದೆ ಎಂದು ಯಾರಾದರೂ ಅಂದಾರೆಂಬ ನೋವೇ ಹೆಚ್ಚಾಗಿ ಕಾಣುತ್ತಿದೆ. ಆ ನೋವನ್ನು ಬಿಟ್ಟುಬಿಡಿ. ಧೂಳುನುಸಿ ಕೊಳಕಿನಿಂದ ಹುಟ್ಟುವ ಜೀವಿಯಲ್ಲ. ಮನುಷ್ಯರು ಮಲಗುವ ಜಾಗದಲ್ಲಿ ತೇವವೂ ಇದ್ದರೆ, ಎಷ್ಟೇ ಚೊಕ್ಕಟವಾದ ಮನೆಯಲ್ಲೂ ಅದು ಇರುತ್ತದೆ.

ಇದು ಅಕ್ಕಿ ಬೇಳೆಗೆ ಹಿಡಿಯುವ ನುಸಿಯಲ್ಲ. ಎಂಟು ಕಾಲುಗಳ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ ಈ ಜೀವಿಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇರುವುದಿಲ್ಲವಾದ್ದರಿಂದ ಸೂಕ್ಷ್ಮದರ್ಶಕವಿಲ್ಲದೆ ಅದನ್ನು ಗುರುತಿಸಲಾಗದು. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟು ಅದರ ಆಹಾರ. ವಿಜ್ಞಾನಿಗಳು ಅದಕ್ಕಿಟ್ಟಿರುವ ಡರ್ಮಟೋಫಾಗಾಯ್ಡಿಸ್ ಎಂಬ ಹೆಸರಿನಲ್ಲೇ ಚರ್ಮ ತಿನ್ನುವುದು ಎಂಬ ಅರ್ಥವಿದೆ. ಮನೆಯ ಧೂಳಿನಿಂದ ಬರುವ ಅಲರ್ಜಿಗೂ ಈ ನುಸಿಗೂ ಇರುವ ನಂಟನ್ನು ನೆದರ್‌ಲ್ಯಾಂಡ್ಸಿನ ಲೈಡನ್ನಿನ ಸಂಶೋಧಕರು ತೋರಿಸಿಕೊಟ್ಟದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಧೂಳು ಆಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದರು.

ಮಗುವಿಗೆ ತೊಂದರೆ ಕೊಡುವುದು ಮುಖ್ಯವಾಗಿ ನುಸಿಯ ಹಿಕ್ಕೆ. ಒಂದೊಂದು ನುಸಿ ದಿನಕ್ಕೆ ಸುಮಾರು ಇಪ್ಪತ್ತು ಹಿಕ್ಕೆ ಹಾಕುತ್ತದೆ, ಅದರಲ್ಲಿರುವ ಪ್ರೋಟೀನುಗಳು ಮೂಗು ಮತ್ತು ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತವೆ. ಹಿಕ್ಕೆಯ ಕಣಗಳು ತುಸು ಭಾರವಾದ್ದರಿಂದ ಸದಾ ಗಾಳಿಯಲ್ಲಿ ತೇಲುವುದಿಲ್ಲ; ಹಾಸಿಗೆ ಅಲುಗಾಡಿದಾಗ ಮೇಲೆದ್ದು, ಸುಮಾರು ಅರ್ಧ ಗಂಟೆಯೊಳಗೆ ಬಹುಪಾಲು ಕೆಳಗೆ ಕೂರುತ್ತವೆ. ಬೆಳಗ್ಗೆ ಕಿಟಕಿಯಿಂದ ಬಿಸಿಲುಕೋಲು ಬಿದ್ದಿರುವಾಗ ನೀವು ಹೊದಿಕೆಯನ್ನು ಒಮ್ಮೆ ಕೊಡವಿ ನೋಡಿ. ಆ ಬೆಳಕಿನಲ್ಲಿ ಏಳುವ ಧೂಳಿನ ಎದುರಿಗೇ ಕಣ್ಣುಜ್ಜಿಕೊಳ್ಳುತ್ತಾ ನಿಂತಿರುವವಳು ನಿಮ್ಮ ಮಗಳು. ನೀವು ಶ್ರದ್ಧೆಯಿಂದ ಮಾಡುತ್ತಿರುವ ಕೆಲಸವೇ, ಮಾಡುವ ಹೊತ್ತು ಮತ್ತು ಜಾಗದ ಕಾರಣದಿಂದ, ಅವಳ ಸೀನನ್ನು ಹೆಚ್ಚಿಸುತ್ತಿರಬಹುದು. ಆದ್ದರಿಂದ ಕೊಡವುವುದನ್ನು ಅಂಗಳದಲ್ಲಿ, ಅವಳು ಶಾಲೆಗೆ ಹೋದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ.

ಇನ್ನು ತೇವದ ವಿಚಾರ. ನನ್ನ ಅಭಿಪ್ರಾಯದಲ್ಲಿ ಇಡೀ ಸಮಸ್ಯೆಯ ಬೇರು ಇರುವುದು ಇಲ್ಲೇ. ಧೂಳುನುಸಿ ನೀರು ಕುಡಿಯುವುದಿಲ್ಲ. ಸುತ್ತಲಿನ ಗಾಳಿಯ ತೇವವನ್ನೇ ಮೈಯೊಳಕ್ಕೆ ಎಳೆದುಕೊಂಡು ಬದುಕುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಬಹಳ ದಿನ ಶೇ. 50ಕ್ಕಿಂತ ಕಡಿಮೆಯಿದ್ದರೆ ಅದು ಒಣಗಿ ಸಾಯುತ್ತದೆ, ಶೇ. 70ರಿಂದ 80ರಷ್ಟಿದ್ದರೆ ಹುಲುಸಾಗಿ ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಮಲೆನಾಡಿನಲ್ಲಿ ಅದಕ್ಕೆ ಬೇರೇನೂ ಬೇಕಿಲ್ಲ. ಸಾಲದ್ದಕ್ಕೆ ರಾತ್ರಿಯಿಡೀ ನಮ್ಮ ಬೆವರು ಮತ್ತು ಮೈಯ ಬಿಸಿ ಹಾಸಿಗೆಗೆ ಇಳಿದಿರುತ್ತವೆ. ಎದ್ದ ಕೂಡಲೇ ಸುತ್ತಿಟ್ಟರೆ ಆ ತೇವ ಒಳಗೇ ಉಳಿಯುತ್ತದೆ. ಹಿರಿಯರಿಗೆ ಇದು ಸೋಮಾರಿತನದಂತೆ ಕಂಡರೂ ಚಿಂತೆಯಿಲ್ಲ: ಹೊದಿಕೆಯನ್ನು ಕಾಲಬದಿಗೆ ಸರಿಸಿ, ಕಿಟಕಿ ತೆರೆದು, ಫ್ಯಾನು ಹಾಕಿ, ಹಾಸಿಗೆಯನ್ನು ಒಂದೆರಡು ಗಂಟೆ ಹಾಗೆಯೇ ಹರಡಿ ಬಿಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುವುದನ್ನೂ ನಿಲ್ಲಿಸಬೇಕು.

ಹಾಸುವ ಬಟ್ಟೆ, ದಿಂಬಿನ ಗವಸು, ಹೊದಿಕೆ, ಈ ಮೂರನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ಬಹಳಷ್ಟು ತೊಳೆದುಹೋಗುತ್ತದೆಯೇ ಹೊರತು ನುಸಿಗಳಲ್ಲಿ ಹೆಚ್ಚಿನವು ಬದುಕಿಯೇ ಉಳಿಯುತ್ತವೆ. ಅವು ಸಾಯಲು ನೀರು 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ನಿಮ್ಮ ಬಚ್ಚಲಿನ ಹಂಡೆ ಇದಕ್ಕೆ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಸುಮಾರು 60 ಡಿಗ್ರಿಯಾಗುತ್ತದೆ. ಬಟ್ಟೆ ಮತ್ತು ಬಕೆಟ್ಟು ಸ್ವಲ್ಪ ಬಿಸಿಯನ್ನು ಹೀರಿಕೊಳ್ಳುವುದರಿಂದ ಕುದಿನೀರನ್ನೇ ಒಂದೆರಡು ಚೊಂಬು ಹೆಚ್ಚು ಹಾಕಿ, ಬಟ್ಟೆ ಪೂರ್ತಿ ಮುಳುಗಿಸಿ, ಮೇಲೆ ಮುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಒಗೆಯಿರಿ. ಅದು ಕೈ ಸುಡುವ ನೀರು. ಕೋಲಿನಿಂದಲೇ ಅದ್ದಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮಳೆಯಲ್ಲಿ ಬಟ್ಟೆ ಪೂರ್ತಿ ಆರದಿದ್ದರೆ ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿಯೇ ಹಾಸಿ. ಒಲೆಯ ಮೇಲ್ಗಡೆ ಹರವುವ ರೂಢಿ ನಿಮ್ಮಲ್ಲಿದ್ದರೆ, ಬಟ್ಟೆಗೆ ಬಿಸಿ ತಾಗಲಿ, ಹೊಗೆ ತಾಗದಿರಲಿ. ಕೆಮ್ಮುವ ಮಗುವಿಗೆ ಹೊಗೆಯ ವಾಸನೆಯೂ ಒಳ್ಳೆಯದಲ್ಲ. ಕಂಬಳಿ ಮತ್ತು ದಪ್ಪ ಕೌದಿಯನ್ನು ವಾರವಾರ ಒಗೆದು ಒಣಗಿಸುವುದು ಆಗದ ಮಾತು. ಆದ್ದರಿಂದ ಈ ಮಗುವಿಗೆ ಸದ್ಯ ಹತ್ತಿಯ ದುಪ್ಪಟಿಗಳೇ ಸಾಕು, ಚಳಿಯಾದರೆ ಎರಡು ಹೊದಿಸಿ. ತಬ್ಬಿಕೊಂಡು ಮಲಗುವ ಬೊಂಬೆಯಿದ್ದರೆ ಅದನ್ನು ಕಿತ್ತುಕೊಳ್ಳಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಒಗೆದು ಕೊಡಿ. ಫ್ರೀಜರ್ ನುಸಿಯನ್ನು ಕೊಲ್ಲುತ್ತದೆ, ಹಿಕ್ಕೆಯನ್ನು ತೆಗೆಯುವುದು ಒಗೆತ.

ಅತ್ತೆಯವರ ಮಾತಿನಲ್ಲಿ ಅರ್ಥವಿದೆ. ಹೊಸ ಫೋಮ್ ಹಾಸಿಗೆ ತಂದರೂ ಕೆಲವೇ ತಿಂಗಳಲ್ಲಿ ಅದರಲ್ಲೂ ನುಸಿ ಸೇರಿಕೊಳ್ಳುತ್ತದೆ, ಮತ್ತು ಆ ಭಾರವಾದ ಹಾಸಿಗೆಯನ್ನು ಯಾರೂ ಅಂಗಳಕ್ಕೆ ಹೊತ್ತು ತರುವುದಿಲ್ಲ. ಬೂರುಗದ ಹಾಸಿಗೆಯನ್ನು ಇಬ್ಬರು ಎತ್ತಿ ಬಿಸಿಲಿಗೆ ಹಾಕಬಹುದು. ದೀಪಾವಳಿಯ ಹೊತ್ತಿಗೆ ಮನೆಯ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ತರುವ ರೂಢಿ ವೈದ್ಯಕೀಯವಾಗಿಯೂ ಸರಿಯಾದ ಸಮಯಕ್ಕೇ ಬೀಳುತ್ತದೆ, ಏಕೆಂದರೆ ಮಳೆಗಾಲದಲ್ಲಿ ಬೆಳೆದ ನುಸಿಯ ಹಿಕ್ಕೆ ಆಗ ಹಾಸಿಗೆಯಲ್ಲಿ ತುಂಬಿರುತ್ತದೆ. ಮೋಡವಿಲ್ಲದ ದಿನ ನಡುಹಗಲಿನ ಖಾರ ಬಿಸಿಲಿಗೆ, ಬಿಸಿಯಾದ ಕಲ್ಲುಹಾಸಿನ ಮೇಲೆ ಹರಡಿ, ಎರಡು ಗಂಟೆಗೊಮ್ಮೆ ಮಗುಚಿ ಹಾಕಿ, ಸಂಜೆ ತಂಪಾಗುವ ಮೊದಲು ಬೆತ್ತದಿಂದ ಚೆನ್ನಾಗಿ ಬಡಿದು ಒಳಗೆ ತನ್ನಿ. ಬಿಸಿಲು ನುಸಿಯನ್ನು ಕೊಂದರೂ ಹಿಕ್ಕೆಯಲ್ಲಿರುವ ಪ್ರೋಟೀನು ಬಿಸಿಲಿಗೆ ಹಾಳಾಗುವುದಿಲ್ಲ. ಬಡಿಯದೆ ತಂದರೆ ಅರ್ಧ ಕೆಲಸವಷ್ಟೇ ಆದಂತೆ. ಹತ್ತಿ ಗಂಟುಕಟ್ಟಿದ್ದರೆ ಹೊಲಿಗೆ ಬಿಚ್ಚಿ, ಹಿಂಜಿಸಿ, ಹೊಸ ಬಟ್ಟೆಯಲ್ಲಿ ತುಂಬಿಸಿಕೊಳ್ಳಿ. ಹಿಂಜುವ ದಿನ ಮಗು ಮನೆಯಲ್ಲಿರಬಾರದು.

ಕೀಟನಾಶಕ ಹೊಡೆಯುವುದು ಖಂಡಿತ ಬೇಡ. ಹಾಸಿಗೆಯ ಆಳಕ್ಕೆ ಅದು ಇಳಿಯುವುದೂ ಇಲ್ಲ, ಇದ್ದ ಹಿಕ್ಕೆಯನ್ನು ತೆಗೆಯುವುದೂ ಇಲ್ಲ, ಮಗುವಿನ ಮೂಗಿಗೆ ಮಾತ್ರ ನೇರವಾಗಿ ತಗಲುತ್ತದೆ. ದಿಂಬಿನಡಿ ನುಸಿಗುಳಿಗೆ ಇಡುವ ಅಭ್ಯಾಸವೂ ಅಪಾಯಕರ.

ಕೊನೆಯದಾಗಿ, ರಾತ್ರಿಯ ಕೆಮ್ಮನ್ನು ಬರೀ ಹಾಸಿಗೆ ಒಗೆದು ವಾಸಿಮಾಡಲು ಹೊರಡಬೇಡಿ. ಅದು ಆಸ್ತಮಾದ ಆರಂಭವಿರಬಹುದು. ಎದೆಯಲ್ಲಿ ಸುಂಯ್ ಎಂಬ ಸದ್ದು, ಓಡಿದಾಗ ಏದುಸಿರು, ಉಸಿರಾಡುವಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಸೇದುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅವರು ಇನ್‌ಹೇಲರ್ ಬರೆದುಕೊಟ್ಟರೆ, ಅದು ಚಟವಾಗುತ್ತದೆ ಎಂಬ ಮಾತಿಗೆ ಕಿವಿಗೊಟ್ಟು ನಿಲ್ಲಿಸಬೇಡಿ. ಅದು ಚಟವಾಗುವುದಿಲ್ಲ.

ಪ್ರಶ್ನೆ: ಹಾಸಿಗೆಯ ನುಸಿಯನ್ನು ಹೀರಿ ತೆಗೆಯುವುದೆಂದು ನೇರಳಾತೀತ ದೀಪವಿರುವ ಯಂತ್ರವೊಂದನ್ನು ಮನೆಗೆ ತಂದು ತೋರಿಸಿದರು. ನುಸಿ ತಡೆಯುವ ಜಿಪ್ ಹೊದಿಕೆಯನ್ನೂ ಕೊಳ್ಳಿ ಎಂದರು. ನನಗೂ ಹನ್ನೊಂದು ವರ್ಷದ ಮಗನಿಗೂ ಆಸ್ತಮಾ ಇದೆ. ಇವುಗಳಿಗೆ ಹಣ ಹಾಕಬಹುದೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಯಂತ್ರಕ್ಕೆ ಬೇಡ. ನೇರಳಾತೀತ ಬೆಳಕು ಬಟ್ಟೆಯ ಮೇಲ್ಮೈಯನ್ನು ದಾಟಿ ಹೆಚ್ಚು ಒಳಗೆ ಹೋಗುವುದಿಲ್ಲ, ನುಸಿಗಳು ಎಳೆಗಳಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುವುದರಿಂದ ಹೀರುವಿಕೆಗೂ ಎಲ್ಲವೂ ಬರುವುದಿಲ್ಲ. ಯಂತ್ರದ ಧೂಳುಪೆಟ್ಟಿಗೆಯಲ್ಲಿ ಕಾಣುವ ಬಿಳಿಪುಡಿ ಯಾರ ಹಾಸಿಗೆಯಿಂದಲೂ ಬರುವಂಥದ್ದು; ಅದನ್ನು ನೋಡಿ ಗಾಬರಿಯಾಗಬೇಡಿ.

ಹೊದಿಕೆಯ ವಿಷಯದಲ್ಲಿ ಪರೀಕ್ಷೆಗಳ ಫಲಿತಾಂಶ ಎರಡು ಬಗೆಯಾಗಿದೆ. ಬ್ರಿಟನ್ನಿನಲ್ಲಿ 1,122 ವಯಸ್ಕ ಆಸ್ತಮಾ ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಹೊದಿಕೆಯಿಂದ ಪ್ರಯೋಜನ ಕಾಣಲಿಲ್ಲ. ಅದೇ ದೇಶದಲ್ಲಿ ನುಸಿಯ ಅಲರ್ಜಿಯಿದ್ದ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಓಡಬೇಕಾದ ಮಕ್ಕಳ ಸಂಖ್ಯೆ ಕಡಿಮೆಯಾಯಿತು. ಆದ್ದರಿಂದ ಪರೀಕ್ಷೆಯಲ್ಲಿ ಮಗನಿಗೆ ನುಸಿಯ ಅಲರ್ಜಿ ಖಚಿತವಾಗಿದ್ದರೆ ಅವನ ಹಾಸಿಗೆಗೂ ದಿಂಬಿಗೂ ಒತ್ತಾದ ನೇಯ್ಗೆಯ ಜಿಪ್ ಹೊದಿಕೆ ಹಾಕಿಸಿ. ನಿಮಗೆ ವಾರದ ಬಿಸಿನೀರಿನ ಒಗೆತ ಮತ್ತು ತಪ್ಪದ ಔಷಧ ಮುಖ್ಯ. ರೆಕ್ಸಿನ್ ಹೊದಿಕೆಯ ಮೇಲೆ ಮೈ ಬೆವರಿ ನಿದ್ದೆ ಕೆಡುತ್ತದೆ, ಅದನ್ನು ನಾನು ಸೂಚಿಸುವುದಿಲ್ಲ.

ಪ್ರಶ್ನೆ: ಬೆಳಗ್ಗೆ ಏಳುವಾಗ ಕೈಕಾಲಿನ ಮೇಲೆ ಸಾಲಾಗಿ ಮೂರು ನಾಲ್ಕು ಕೆಂಪು ದದ್ದುಗಳಿರುತ್ತವೆ. ಧೂಳುನುಸಿ ಕಚ್ಚುತ್ತಿದೆಯೇ?
(ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಧೂಳುನುಸಿ ಕಚ್ಚುವುದಿಲ್ಲ, ರಕ್ತ ಹೀರುವುದೂ ಇಲ್ಲ. ನಿಮ್ಮ ವಿವರಣೆ ತಿಗಣೆಯ ಕಡೆಗೆ ಬೆರಳು ತೋರುತ್ತದೆ. ರಾತ್ರಿ ಟಾರ್ಚ್ ಹಿಡಿದು ಮಂಚದ ಸಂದು, ಹಾಸಿಗೆಯ ಅಂಚಿನ ಹೊಲಿಗೆ, ಗೋಡೆಯ ಬಿರುಕುಗಳನ್ನು ಪರೀಕ್ಷಿಸಿ. ಕಂದು ಬಣ್ಣದ ಚಪ್ಪಟೆ ಹುಳ ಅಥವಾ ಶಾಯಿ ತೊಟ್ಟಿಕ್ಕಿದಂತಹ ಕಪ್ಪು ಚುಕ್ಕೆಗಳು ಕಂಡರೆ ತಿಗಣೆಯೇ ಖಚಿತ. ಹಾಸ್ಟೆಲಿನಲ್ಲಿದ್ದರೆ ಒಬ್ಬರ ಮಂಚ ತೊಳೆದು ಪ್ರಯೋಜನವಿಲ್ಲ, ಇಡೀ ಕೋಣೆಯನ್ನು ಒಟ್ಟಿಗೆ ಶುಚಿಮಾಡಿಸಲು ವಾರ್ಡನ್ನರಿಗೆ ತಿಳಿಸಿ.