ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಡಿಶ್ಶೋ, ಕೇಬಲ್ಲೋ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಮನೆ ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ 14 ಕಿಲೋಮೀಟರ್ ದೂರ. ಸುತ್ತ ಅಡಿಕೆ ತೋಟ. ಅಪ್ಪಯ್ಯ, ಅಮ್ಮ ಇಬ್ಬರೇ ಇರುತ್ತಾರೆ, ನೀವು ಬೆಂಗಳೂರಿನಲ್ಲಿ. ಕೇಬಲ್‌ನವರು ಮುಖ್ಯರಸ್ತೆಯಿಂದ 400 ಮೀಟರ್ ತಂತಿ ಎಳೆದುಕೊಡಲು ಒಪ್ಪಿದ್ದಾರೆ. ಡಿಶ್ ಹಾಕಿಸೋಣವೆಂದರೆ ‘ಮಳೆಗಾಲದಲ್ಲಿ ಅದು ಕೆಲಸಕ್ಕೆ ಬಾರದು’ ಎಂದು ಊರಿನವರೆಲ್ಲ ಹೆದರಿಸುತ್ತಿದ್ದಾರೆ.

ಡಿಶ್ ಹಾಕಿಸಿ. ಇದೇ ಪ್ರಶ್ನೆಯನ್ನು ಶಿವಮೊಗ್ಗದ ವಿನೋಬನಗರದಿಂದಲೋ ಗೋಪಾಳದಿಂದಲೋ ಕೇಳಿದ್ದರೆ ಎರಡನೆಯ ಯೋಚನೆಯಿಲ್ಲದೆ ಕೇಬಲ್ ಎನ್ನುತ್ತಿದ್ದೆ. ನಾನು ಹೊಸನಗರ ತಾಲ್ಲೂಕಿನವನು. ಹನ್ನೊಂದು ವರ್ಷ ಕೇಬಲ್ ಇಟ್ಟುಕೊಂಡಿದ್ದೆ, 2019ರಿಂದ ಡಿಶ್. ಎರಡರಿಂದಲೂ ಪೆಟ್ಟು ತಿಂದಿದ್ದೇನೆ, ಆದ್ದರಿಂದ ಯಾರ ಪರವಾಗಿಯೂ ಮಾತನಾಡುವ ಹರಕೆ ನನಗಿಲ್ಲ.

ಮೊದಲು ಮಳೆಯ ಮಾತು. ಮಳೆಗೆ ಡಿಶ್ ಹೋಗುತ್ತದೆ ಎನ್ನುವುದು ಸುಳ್ಳಲ್ಲ. ಮನೆಯ ಮೇಲಿನ ಸಣ್ಣ ಡಿಶ್‌ಗೆ ಬರುವ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಹನಿಯ ಮಳೆ ಅವನ್ನು ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಆದರೆ ಎಲ್ಲ ಮಳೆಗೂ ಹಾಗಾಗುವುದಿಲ್ಲ. ದಿನವಿಡೀ ಸುರಿಯುವ ಸೋನೆಮಳೆಗೆ ಚಿತ್ರ ಅಲುಗುವುದೂ ಇಲ್ಲ. ಆರಿದ್ರೆ, ಪುಷ್ಯದಲ್ಲಿ ಗುಡ್ಡದ ಆಚೆಯಿಂದ ಸದ್ದು ಮಾಡಿಕೊಂಡು ಬಂದು ಒಮ್ಮೆಲೇ ಕವಿಯುತ್ತದಲ್ಲ, ಅಂಥದಕ್ಕೆ ಹೋಗುತ್ತದೆ. ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ನಿಮ್ಮದು ಹೆಂಚಿನ ಮನೆಯಾದರೆ ಆ ಹೊತ್ತಿಗೆ ಟಿವಿಯಲ್ಲಿ ಯಾರು ಏನು ಹೇಳುತ್ತಿದ್ದಾರೆಂದು ಹೇಗೂ ಕೇಳಿಸುವುದಿಲ್ಲ. ಮಳೆಯ ಜೋರು ಇಳಿದ ಮೇಲೆ ಯಾರಿಗೂ ಫೋನ್ ಮಾಡದೆ, ಯಾರ ಕಾಲಿಗೂ ಬೀಳದೆ ಚಿತ್ರ ತಾನಾಗಿ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ, ನಿಮ್ಮದು ಅದೇ ದಾರಿಯ ಊರು. ಜುಲೈನಲ್ಲಿ ದಿನಕ್ಕೆ ಎರಡು ಮೂರು ಸಲ ಹೀಗಾಗುತ್ತದೆಂದು ಲೆಕ್ಕ ಇಟ್ಟುಕೊಳ್ಳಿ.

ಕೇಬಲ್ ಕೂಡ ಆಕಾಶದಿಂದಲೇ ಬರುತ್ತದೆ ಎನ್ನುವುದನ್ನು ನಾವು ಮರೆಯುತ್ತೇವೆ. ಪಟ್ಟಣದ ಕಂಟ್ರೋಲ್ ರೂಮಿನ ತಾರಸಿಯ ಮೇಲೆ ದೊಡ್ಡ ದೊಡ್ಡ ಡಿಶ್‌ಗಳು ಕೂತಿರುತ್ತವೆ. ಅವು ಹಿಡಿಯುವುದು ಏಳೆಂಟು ಸೆಂಟಿಮೀಟರ್ ಉದ್ದದ ಅಲೆಗಳನ್ನು. ಅವುಗಳಿಗೆ ಮಳೆ ಅಷ್ಟಾಗಿ ತಟ್ಟುವುದಿಲ್ಲ. ಕೇಬಲ್ ಮಳೆಗೆ ಹೋಗುವುದಿಲ್ಲ ಎಂದು ಜನ ಹೇಳುವುದು ಇದಕ್ಕೇ, ಅಷ್ಟರ ಮಟ್ಟಿಗೆ ನಿಜವೂ ಹೌದು. ತೊಂದರೆಯಿರುವುದು ಅಲ್ಲಿಂದ ನಿಮ್ಮ ಜಗಲಿಯವರೆಗಿನ ದಾರಿಯಲ್ಲಿ. ಕಂಬದಿಂದ ಕಂಬಕ್ಕೆ, ಕಂಬ ಮುಗಿದ ಮೇಲೆ ಮರದಿಂದ ಮರಕ್ಕೆ, ಕೊನೆಗೆ ನಿಮ್ಮ ತೋಟದೊಳಗೆ 400 ಮೀಟರ್. ಒಂದು ಸಿಲ್ವರ್ ಓಕ್ ಕೊಂಬೆ ಬಿದ್ದರೆ ಸಾಕು. ಕೊಂಬೆಯೇ ಬೇಕೆಂದಿಲ್ಲ, ಒಣಗಿದ ಅಡಿಕೆ ಸೋಗೆ ಹಾಳೆಯ ಸಮೇತ ಕಳಚಿಬಿದ್ದರೂ ತೆಳ್ಳನೆಯ ತಂತಿ ಜಗ್ಗಿಹೋಗುತ್ತದೆ.

2019ರ ಆಗಸ್ಟ್‌ನಲ್ಲಿ ಆಶ್ಲೇಷಾ ಮಳೆ ಹೇಗೆ ಹೊಡೆಯಿತೆಂದು ಮಲೆನಾಡಿನವರಿಗೆ ನೆನಪಿರುತ್ತದೆ. ನಮ್ಮ ಕೇಬಲ್ ಹೋಗಿ ಒಂಬತ್ತು ದಿನ ಬರಲಿಲ್ಲ. ಕೇಬಲ್‌ನವರ ಮೇಲೆ ನನಗೆ ಸಿಟ್ಟಿಲ್ಲ, ಆ ಹುಡುಗ ಪಾಪ ಒಬ್ಬನೇ ನಾಲ್ಕು ಊರಿನ ತಂತಿ ನೋಡಿಕೊಳ್ಳುತ್ತಿದ್ದ, ಅವನ ಮನೆಯ ಹಿಂದಿನ ದರೆಯೇ ಕುಸಿದಿತ್ತು. ಆದರೆ ಹೊರಗೆ ಏನಾಗುತ್ತಿದೆ, ಯಾವ ರಸ್ತೆ ಮುಚ್ಚಿದೆ, ಯಾವ ಹೊಳೆ ಏರಿದೆ ಎಂದು ನೋಡಬೇಕಾದ ಒಂಬತ್ತು ದಿನವೇ ಟಿವಿ ಕಪ್ಪಾಗಿತ್ತು. ಆ ಡಿಸೆಂಬರ್‌ನಲ್ಲಿ ಡಿಶ್ ಹಾಕಿಸಿದೆ.

ಕರೆಂಟಿನ ವಿಷಯವೂ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಡಿಶ್‌ಗೆ ಅಷ್ಟೇ ಸಾಕು. ತಾಮ್ರದ ತಂತಿಯ ಕೇಬಲ್‌ಗೆ ಸಾಲದು. 400 ಮೀಟರ್ ಎಳೆದರೆ ದಾರಿಯಲ್ಲಿ ಸಿಗ್ನಲ್ ಸೋರುತ್ತದೆ, ಅದಕ್ಕೆ ನಡುವೆ ಆಂಪ್ಲಿಫೈಯರ್ ಡಬ್ಬಿ ಬೇಕು, ಆ ಡಬ್ಬಿಗೆ ಕರೆಂಟು ಬೇಕು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಉರಿಯುತ್ತಿದ್ದರೂ ಪಕ್ಕದ ಮನೆಯ ಡಬ್ಬಿ ಸತ್ತಿದ್ದರೆ ನಿಮ್ಮ ಟಿವಿಯೂ ಸತ್ತಂತೆ. ಆದ್ದರಿಂದ ಕೇಬಲ್‌ನವರನ್ನು ಒಂದೇ ಪ್ರಶ್ನೆ ಕೇಳಿ: ಮನೆಯವರೆಗೆ ಫೈಬರ್ ತರುತ್ತೀರಾ, ತಾಮ್ರವಾ? ಫೈಬರ್ ಎಂದರೆ ಈ ತೊಂದರೆ ಬಹಳ ಮಟ್ಟಿಗೆ ಇಳಿಯುತ್ತದೆ. ಆದರೆ ಮರ ಬಿದ್ದರೆ ಕಡಿಯುವುದು ಅದೂ ಕಡಿಯುತ್ತದೆ, ಮತ್ತೆ ಜೋಡಿಸಲು ಯಂತ್ರ ತೆಗೆದುಕೊಂಡೇ ಬರಬೇಕು.

ಇನ್ನು ಡಿಶ್‌ನ ನಿಜವಾದ ಶತ್ರು. ಅದು ಮಳೆಯಲ್ಲ, ಮರ. ಮಳೆ ಅರ್ಧ ಗಂಟೆ ಬಂದು ಹೋಗುತ್ತದೆ, ಮರ ವರ್ಷವಿಡೀ ಅಲ್ಲೇ ನಿಂತಿರುತ್ತದೆ. ಉಪಗ್ರಹಗಳು ಭೂಮಧ್ಯರೇಖೆಯ ನೇರಕ್ಕೆ ಸುಮಾರು 36,000 ಕಿಲೋಮೀಟರ್ ಮೇಲಿವೆ. ಆದರೆ ಎಲ್ಲ ಕಂಪನಿಗಳ ಉಪಗ್ರಹವೂ ಒಂದೇ ಜಾಗದಲ್ಲಿಲ್ಲ, ನಮ್ಮಂಥ ತೋಟದ ಮನೆಯವರಿಗೆ ಚಾನೆಲ್ ಪಟ್ಟಿಗಿಂತ ಇದು ಮುಖ್ಯ. ಟಾಟಾ ಪ್ಲೇಯ ಉಪಗ್ರಹ ಇರುವುದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕಡೆಯಿಂದ ನೋಡಿದರೆ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ, ನೆಲದಿಂದ ಸುಮಾರು 71 ಡಿಗ್ರಿ ಮೇಲೆ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ದೂರದರ್ಶನದ ಡಿಡಿ ಫ್ರೀ ಡಿಶ್ 93.5 ಡಿಗ್ರಿಯಲ್ಲಿದೆ, ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಮೇಲೆ. ಏರ್‌ಟೆಲ್‌ನದು 108.2ರಲ್ಲಿ. ಅದು ಬಹುಪಾಲು ಪೂರ್ವಕ್ಕೇ ತಿರುಗಿ, 49 ಡಿಗ್ರಿಗೆ ಇಳಿಯುತ್ತದೆ.

ಇದನ್ನು ಅಡಿಕೆ ಮರದ ಲೆಕ್ಕಕ್ಕೆ ತನ್ನಿ. ಡಿಶ್‌ಗಿಂತ 50 ಅಡಿ ಎತ್ತರಕ್ಕೆ ಹೋದ ಮರವೊಂದು ಆ ದಿಕ್ಕಿನಲ್ಲಿ ಇದೆ ಎನ್ನಿ. 83ರ ಉಪಗ್ರಹಕ್ಕಾದರೆ ಆ ಮರ 17 ಅಡಿಯಾಚೆ ಇದ್ದರೆ ಸಾಕು, ಅದರ ತಲೆ ಅಡ್ಡ ಬರುವುದಿಲ್ಲ. 93.5ಕ್ಕೆ 25 ಅಡಿ ದೂರ ಬೇಕು. 108.2ಕ್ಕೆ 43 ಅಡಿ. ಸೋಗೆ ಚಾಚಿಕೊಳ್ಳುವ ಅಳತೆಯನ್ನು ಇದಕ್ಕೆ ಸೇರಿಸಿಕೊಳ್ಳಿ. ಅಂಗಳದ ದಕ್ಷಿಣಕ್ಕೆ ತೋಟ ಒತ್ತಿಕೊಂಡು ಬಂದು ಪೂರ್ವಕ್ಕೆ ಗದ್ದೆ ಬಯಲಿದ್ದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ, ಆಗ ಕೆಳಗಿರುವ ಉಪಗ್ರಹವೇ ಸುಲಭ. ಕಂಪನಿಯನ್ನು ಆರಿಸಬೇಕಾದದ್ದು ನಿಮ್ಮ ಅಂಗಳ.

ನನಗೆ ಈ ಬುದ್ಧಿ ಬಂದದ್ದು ತಡವಾಗಿ. ಹಾಕಿಸಿದ ಎರಡನೆಯ ಬೇಸಿಗೆಯಲ್ಲಿ ಗಾಳಿ ಬೀಸಿದಾಗೆಲ್ಲ ಚಿತ್ರ ಚೌಕಚೌಕವಾಗಿ ಒಡೆಯಲು ಶುರುವಾಯಿತು. ಡಿಶ್‌ನ ಮುಖದೆದುರು ಕೂತು ನೋಡಿದೆ. ನೇರ ಎದುರಿಗೆ ಹಲಸಿನ ಮರದ ಒಂದು ಕೊಂಬೆ, ಅದರ ತುಂಬ ಎಳೆಗಾಯಿ. ಅಮ್ಮ ಬೇಡ ಬೇಡ ಎಂದರೂ ಕಡಿಸಿದೆ. ಏನೂ ಬದಲಾಗಲಿಲ್ಲ. ರಿಪೇರಿಯವನು ಬಂದು ನೋಡಿ ಒಂದು ನಿಮಿಷ ಸುಮ್ಮನಿದ್ದ, ಆಮೇಲೆ ನಕ್ಕ. ಈ ಡಿಶ್‌ಗಳು ತಾವು ನೋಡುತ್ತಿರುವಂತೆ ಕಾಣುವ ದಿಕ್ಕಿನಿಂದ ಸಿಗ್ನಲ್ ತೆಗೆದುಕೊಳ್ಳುವುದಿಲ್ಲವಂತೆ. ಅದು ಬರುವುದು ಅದಕ್ಕಿಂತ 20–25 ಡಿಗ್ರಿ ಮೇಲಿನಿಂದ, ಬಂದು ಬಿದ್ದು, ಕೆಳಗಿನಿಂದ ಕೈ ಚಾಚಿ ನಿಂತಿರುವ ಎಲ್‌ಎನ್‌ಬಿಗೆ, ಅಂದರೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಗೆ, ಪುಟಿಯುತ್ತದೆ. ಅವನು ಬೆರಳು ತೋರಿಸಿದ್ದು ಹಲಸಿನ ಮರದ ತಲೆಯನ್ನೂ ದಾಟಿ, ಹಿಂದಿದ್ದ ಅಡಿಕೆ ಮರದ ಹೊಸ ಸೋಗೆಯ ಕಡೆಗೆ. ಡಿಶ್ಶನ್ನು ಬಚ್ಚಲುಮನೆಯ ತಾರಸಿಗೆ ಸಾಗಿಸಿದೆವು, ಎಲ್ಲ ಸರಿಹೋಯಿತು. ಆದರೆ ಪ್ರತಿ ವರ್ಷ ಹಪ್ಪಳ ಹಚ್ಚುವ ಕಾಲಕ್ಕೆ ಅಮ್ಮ ಆ ಕೊಂಬೆಯಲ್ಲಿ ಎಷ್ಟು ಕಾಯಿ ಇತ್ತೆಂದು ಬಂದವರಿಗೆಲ್ಲ ಹೇಳುತ್ತಾರೆ, ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ.

ಮರ ಅಡ್ಡವಿದೆಯೇ ಎಂದು ನೋಡಲು ಖರ್ಚಿಲ್ಲದ ಉಪಾಯವೊಂದಿದೆ. ಮಾರ್ಚ್ 14ರ ಆಸುಪಾಸು ಮತ್ತು ಸೆಪ್ಟೆಂಬರ್ 29ರ ಆಸುಪಾಸು ಕೆಲವು ದಿನ ಸೂರ್ಯ ಈ ಉಪಗ್ರಹಗಳ ಸಾಲಿನ ಹಿಂದೆಯೇ ಹಾದುಹೋಗುತ್ತಾನೆ. ಮಾರ್ಚ್‌ನಲ್ಲಿ ನಮ್ಮ ಕಡೆ ಬೆಳಿಗ್ಗೆ ಸುಮಾರು 10 ಗಂಟೆಗೆ 108.2ರ ಜಾಗದಲ್ಲಿ, 11:15ಕ್ಕೆ 93.5ರಲ್ಲಿ, ಮಧ್ಯಾಹ್ನ 12ಕ್ಕೆ 83ರಲ್ಲಿ ಇರುತ್ತಾನೆ. ಸೆಪ್ಟೆಂಬರ್‌ನಲ್ಲಿ ಇದೆಲ್ಲ ಇಪ್ಪತ್ತು ನಿಮಿಷ ಮುಂಚೆ. ಡಿಶ್ ಇಡಬೇಕೆಂದಿರುವ ಜಾಗದ ಮೇಲೆ ಆ ಹೊತ್ತಿಗೆ ಬಿಸಿಲು ಬಿದ್ದರೆ ಸಿಗ್ನಲ್ ಕೂಡ ಬೀಳುತ್ತದೆ, ನೆರಳಿದ್ದರೆ ಇಲ್ಲ. ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದರೂ ಆಗುವ ಕೆಲಸ. ಆ ದಿನಗಳಲ್ಲಿ ಕೆಲವು ನಿಮಿಷ ಚಿತ್ರವೇ ಹೋಗುವುದೂ ಉಂಟು, ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಕೇಳಿಸದೆ. ಅದಕ್ಕೆ ಗಾಬರಿಯಾಗಬೇಡಿ.

ಹಾಕಿಸುವಾಗ ಸಾಮಾನ್ಯವಾಗಿ ಕೊಡುವ 60 ಸೆಂಟಿಮೀಟರ್‌ನ ಡಿಶ್ ಬದಲು 90 ಸೆಂಟಿಮೀಟರ್‌ನದು ಸಿಗುತ್ತದೆಯೇ ಎಂದು ಕೇಳಿ. ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚು, ಹಿಡಿಯುವ ಸಿಗ್ನಲ್ಲೂ ಅಷ್ಟೇ ಹೆಚ್ಚು. ಜಡಿಮಳೆಗೆ ಹೋಗುವುದು ಪೂರ್ತಿ ನಿಲ್ಲುವುದಿಲ್ಲ, ಆದರೆ ಅರ್ಧ ಗಂಟೆ ಹೋಗುತ್ತಿದ್ದದ್ದು ಹತ್ತು ನಿಮಿಷಕ್ಕೆ ಇಳಿದದ್ದನ್ನು ನಾನೇ ಕಂಡಿದ್ದೇನೆ. ಹೆಂಚಿನ ಮಾಡಿಗೆ ಕಟ್ಟಿಸಬೇಡಿ. ತಾರಸಿಯ ತುಂಡು ಇಲ್ಲದಿದ್ದರೆ ಅಂಗಳದಲ್ಲಿ ಸಿಮೆಂಟ್ ಕಟ್ಟೆ ಹಾಕಿ ಅದರ ಮೇಲೆ ನಿಲ್ಲಿಸಿ. ತಂತಿ ಎಲ್‌ಎನ್‌ಬಿಗೆ ಸೇರುವ ಜಾಗಕ್ಕೆ ರಬ್ಬರ್ ಟೇಪ್ ಸುತ್ತಿಸಿ. ತಂತಿ ಗೋಡೆಯೊಳಗೆ ಹೋಗುವ ಮುನ್ನ ಒಂದು ಸುತ್ತು ಕೆಳಗೆ ಇಳಿಬಿಡಿಸಿ, ನೀರು ಅಲ್ಲೇ ತೊಟ್ಟಿಕ್ಕಲಿ. ‘ಮಳೆಗೆ ಡಿಶ್ ಹೋಯಿತು’ ಎನ್ನುವ ದೂರಿನಲ್ಲಿ ಅರ್ಧದಷ್ಟು ಈ ಒಂದು ಕೀಲಿನೊಳಗೆ ಹೊಕ್ಕ ನೀರಿನದು ಎಂದು ನನ್ನ ಗುಮಾನಿ. ಮಂಗಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಅವು ಡಿಶ್ ಮೇಲೆ ಕೂತರೆ ದಿಕ್ಕು ತಪ್ಪುತ್ತದೆ, ಒಂದೆರಡು ಡಿಗ್ರಿ ಸರಿದರೂ ಚಿತ್ರವಿಲ್ಲ. ನಾವು ಕಂಬದ ಸುತ್ತ ಮುಳ್ಳುತಂತಿ ಸುತ್ತಿದ್ದೇವೆ, ಅವು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೋಲ್ಟುಗಳನ್ನು ಬಿಗಿಯಾಗಿ ಕಟ್ಟಿಸುವುದೇ ವಾಸಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಡಿಶ್ ಆಗಲಿ ಕೇಬಲ್ ಆಗಲಿ, ಪ್ಲಗ್ಗಿನ ಜೊತೆ ಬಾಕ್ಸ್‌ನ ಹಿಂದಿನ ತಂತಿಯನ್ನೂ ಕಳಚಿಡಲು ಅಮ್ಮನಿಗೆ ಹೇಳಿಕೊಡಿ.

ಹಣದ ವಿಷಯದಲ್ಲಿ ಈಗ ಹೇಳಿಕೊಳ್ಳುವಂಥ ಅಂತರವಿಲ್ಲ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ತಂದ ಹೊಸ ದರಪದ್ಧತಿ ಎರಡಕ್ಕೂ ಅನ್ವಯವಾಯಿತು: ಚಾನೆಲ್‌ನ ಬೆಲೆ ಬೇರೆ, ಜಾಲದ ಶುಲ್ಕ ಬೇರೆ. ಆಗ ಆ ಶುಲ್ಕಕ್ಕೆ ತೆರಿಗೆ ಬಿಟ್ಟು ₹130 ಎಂದು ಮಿತಿಯಿತ್ತು, 2024ರ ಜುಲೈನಲ್ಲಿ ಮಿತಿ ತೆಗೆದರು. ಆದ್ದರಿಂದ ಹಳೆಯ ಲೆಕ್ಕ ನಂಬದೆ ಇಬ್ಬರನ್ನೂ ಕೇಳಿ. ನೋಡದ ಚಾನೆಲ್‌ಗಳನ್ನು ತೆಗೆಸಿದ ಮೇಲೆ ನನಗೆ ತಿಂಗಳಿಗೆ ₹300ರ ಒಳಗೆ ಮುಗಿಯುತ್ತದೆ. ಅಪ್ಪಯ್ಯ ವಾರ್ತೆ, ಚಂದನ ವಾಹಿನಿ ಇಷ್ಟರಲ್ಲೇ ತೃಪ್ತರಾದರೆ ಡಿಡಿ ಫ್ರೀ ಡಿಶ್ ಸಾಕು, ಒಮ್ಮೆ ಸಲಕರಣೆ ಕೊಂಡರೆ ತಿಂಗಳ ಶುಲ್ಕವೇ ಇಲ್ಲ. ಅಮ್ಮನಿಗೆ ಖಾಸಗಿ ವಾಹಿನಿಗಳ ಧಾರಾವಾಹಿ ಬೇಕೆಂದಾದರೆ ಆ ವಾಹಿನಿಗಳು ಅದರಲ್ಲಿ ಬರುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ. ‘ಫೈಬರ್ ಇಂಟರ್ನೆಟ್ ಹಾಕಿಸಿ ಮೊಬೈಲ್‌ನಂತೆ ನೋಡಲಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ತಂತಿ ಬರುವುದೂ ಅದೇ ಕಂಬ, ಅದೇ ಮರಗಳ ಮೇಲಿನಿಂದ.

ಕೇಬಲ್ ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲವೆಂದಲ್ಲ. ಹಣ ವಸೂಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಹುಡುಗ ಅಮ್ಮನ ರಿಮೋಟ್‌ಗೆ ಸೆಲ್ ಹಾಕಿಕೊಟ್ಟು, ಒಂದು ಲೋಟ ಕಷಾಯ ಕುಡಿದು, ಯಾರ ಮನೆಯಲ್ಲಿ ಮದುವೆ, ಯಾರ ತೋಟಕ್ಕೆ ಕೊಳೆರೋಗ ಎಂದು ಹೇಳಿಹೋಗುತ್ತಿದ್ದ. ಕೇಬಲ್‌ನ ಸ್ಥಳೀಯ ವಾಹಿನಿಯಲ್ಲಿ ಜಾತ್ರೆ, ಗಣಪತಿ ಮೆರವಣಿಗೆ, ಗುರುತಿನವರ ಮುಖ ಕಾಣುತ್ತಿತ್ತು. ಡಿಶ್‌ನಲ್ಲಿ ಅದೆಲ್ಲ ಇಲ್ಲ. ಅಲ್ಲಿ ದೂರು ಕೊಡಬೇಕೆಂದರೆ ‘ಕನ್ನಡಕ್ಕಾಗಿ ಇಷ್ಟನ್ನು ಒತ್ತಿ’ ಎನ್ನುವ ಯಂತ್ರದೊಡನೆ ಮಾತನಾಡಬೇಕು. ನಿಮ್ಮ ಮನೆಯಲ್ಲಿ ಆ ಮಾತು ನೀವೇ ಆಡಬೇಕಾಗುತ್ತದೆ, ರೀಚಾರ್ಜ್ ಕೂಡ ಬೆಂಗಳೂರಿನಿಂದ ನೀವೇ ಮಾಡಬೇಕು. ದಿನಾಂಕ ಮರೆಯಬೇಡಿ. ಮರೆತರೆ ಅಮ್ಮ ಅದನ್ನೂ ಮಳೆಯ ಲೆಕ್ಕಕ್ಕೇ ಬರೆದು, ನಾಲ್ಕು ದಿನ ಸುಮ್ಮನೆ ಕಾಯುತ್ತಾರೆ.

ಮುಂದಿನ ಸಲ ಊರಿಗೆ ಹೋದಾಗ ಅಂಗಳದ ನಡುವೆ ನಿಂತು ದಕ್ಷಿಣಕ್ಕೊಂದು, ಆಗ್ನೇಯಕ್ಕೊಂದು, ಪೂರ್ವಕ್ಕೊಂದು ಫೋಟೊ ತೆಗೆಯಿರಿ, ಮರಗಳು ಎಷ್ಟು ಹೆಜ್ಜೆ ದೂರದಲ್ಲಿವೆಯೆಂದು ಎಣಿಸಿ ಬರೆದು ಕಳುಹಿಸಿ. ಯಾವುದರ ತಲೆ ಯಾವ ಉಪಗ್ರಹಕ್ಕೆ ಅಡ್ಡ ಬರುತ್ತದೆಂದು ಹೇಳುತ್ತೇನೆ. ಅಲ್ಲಿಯವರೆಗೆ ಕತ್ತಿ ಕೊಟ್ಟಿಗೆಯಲ್ಲೇ ಇರಲಿ.