ಅಟ್ಟದ ಮೇಲಿನ ಹಾಡುಗಳನ್ನು ನಾವೇ ಆಲ್ಬಮ್ ಮಾಡಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ನಿವೃತ್ತ ಮೇಷ್ಟ್ರು. 1984ರಿಂದ 1996ರವರೆಗೆ ನಮ್ಮದೊಂದು ಸಣ್ಣ ಸುಗಮ ಸಂಗೀತ ತಂಡ ಇತ್ತು. ಗಣಪತಿ ಪೆಂಡಾಲು, ಮದುವೆ ಮನೆ, ಶಾಲೆ ವಾರ್ಷಿಕೋತ್ಸವ, ಎಲ್ಲ ಕಡೆ ಹಾಡಿದ್ದೇವೆ. ಆಗ ಟೂ-ಇನ್-ಒನ್‌ನಲ್ಲಿ (ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರುವ ಪೆಟ್ಟಿಗೆ) ರೆಕಾರ್ಡ್ ಮಾಡಿಟ್ಟ 38 ಕ್ಯಾಸೆಟ್ ಅಟ್ಟದಲ್ಲಿವೆ. ಒಂದೂ ಹೊರಗೆ ಬಂದಿಲ್ಲ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಕುವೆಂಪು, ಜಿ.ಎಸ್. ಶಿವರುದ್ರಪ್ಪನವರ ಕವಿತೆ, ಶರೀಫರ ಪದ, ಒಂದಷ್ಟು ನಾನೇ ಬರೆದು ರಾಗ ಹಾಕಿದ ಹಾಡು ಇವೆ. ಯಾವ ಕಂಪನಿಯ ಹಂಗೂ ಇಲ್ಲದೆ ನಾನೇ ಬಿಡುಗಡೆ ಮಾಡಬೇಕೆಂಬ ಆಸೆ. ಮಗ ಎಲ್ಲವನ್ನೂ ಒಂದೇ ಸಲ ಹಾಕಿಬಿಡೋಣ ಅಂತಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಷ್ಟ್ರೇ, ಮಗನನ್ನು ಸ್ವಲ್ಪ ತಡೆಯಿರಿ. ಇವತ್ತು ಮಾಡಬೇಕಾದ ಕೆಲಸ ಒಂದೇ. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ನೋಡಿದ್ದೀರಲ್ಲ? ಅವನ್ನು ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಸಿಹೋಗುವುದಿಲ್ಲ.

ಬೂಷ್ಟು ಹಿಡಿದವನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ. ಆ ಪುಡಿ ಟೇಪನ್ನು ಓದುವ ಹೆಡ್ಡಿಗೆ, ಟೇಪನ್ನು ಎಳೆಯುವ ರಬ್ಬರ್ ರೋಲರಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹತ್ತುತ್ತದೆ. ಗಟ್ಟಿಯಾಗಿ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಒಂದೆರಡು ವಾರ ಇಡಿ. ಬೂಷ್ಟು ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು ಮೆತ್ತಗಿನ ಬ್ರಶ್‌ನಲ್ಲಿ ತೆಗೆಯಿರಿ. ನಮ್ಮ ಕಡೆಯವರಿಗೆ ಏನೇ ಶೀತ ಹಿಡಿದರೂ ಬಚ್ಚಲೊಲೆ ಮೇಲಿಡುವುದು ಅಭ್ಯಾಸ. ಕ್ಯಾಸೆಟ್ಟಿಗೆ ಅದು ಬೇಡ. ಅಡಿಕೆ ಹರವಿದ ಹಾಗೆ ಅಂಗಳದ ಬಿಸಿಲಿಗೂ ಹರವಬೇಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ.

ಯು.ಎಸ್.ಬಿ. ಇರುವ ಅಗ್ಗದ ಪ್ಲೇಯರ್‌ಗಳನ್ನು ನಾನು ನಂಬುವುದಿಲ್ಲ. ಸ್ವರ ಅಲುಗುತ್ತದೆ. ಯಾರ ಮನೆಯಲ್ಲಾದರೂ ಹಳೆಯ ಒಳ್ಳೆಯ ಕ್ಯಾಸೆಟ್ ಡೆಕ್ ಇದ್ದರೆ ಬೆಲ್ಟ್ ಬದಲಾಯಿಸಿ, ಹೆಡ್ ಒರೆಸಿ, ಅದರ ಲೈನ್ ಔಟ್ ಕಿಂಡಿಯಿಂದ ಆಡಿಯೊ ಇಂಟರ್‌ಫೇಸ್ (ಸದ್ದನ್ನು ಡಿಜಿಟಲ್ ಮಾಡುವ ಪುಟ್ಟ ಪೆಟ್ಟಿಗೆ) ಮೂಲಕ ಕಂಪ್ಯೂಟರಿಗೆ ತನ್ನಿ. ಅಡಾಸಿಟಿ ಎಂಬ ತಂತ್ರಾಂಶ ಉಚಿತ, ಅಷ್ಟು ಸಾಕು. 96 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಆಗಿರಲಿ. ಗಂಟೆಗೆ ಸುಮಾರು 2 ಜಿಬಿ ಬೇಕು. 38 ಕ್ಯಾಸೆಟ್ಟೂ 90 ನಿಮಿಷದವು ಅಂದುಕೊಂಡರೂ ಎಲ್ಲ ಸೇರಿ 120 ಜಿಬಿ ದಾಟುವುದಿಲ್ಲ.

ಟೂ-ಇನ್-ಒನ್ ಅಂದಿರಲ್ಲ, ಅದರಲ್ಲಿ ಎರಡು ತೊಂದರೆ ಇರುತ್ತವೆ. ಒಂದು, ಆ ಹೆಡ್ಡಿನ ಕೋನವೂ ನೀವು ಈಗ ಬಳಸುವ ಡೆಕ್ಕಿನ ಕೋನವೂ ಒಂದೇ ಇರುವುದಿಲ್ಲ. ಹಾಗಾಗಿ ದನಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಹೆಡ್ಡಿನ ಪಕ್ಕದ ಸ್ಕ್ರೂ ಒಂಚೂರು ತಿರುಗಿಸುತ್ತ, 'ಸ', 'ಶ' ಅಕ್ಷರ ಚುರುಕಾಗಿ ಕೇಳುವ ಕಡೆ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ನೋಡಬೇಕು, ತಾಳ್ಮೆಯ ಕೆಲಸ. ಇನ್ನೊಂದು ಮಲೆನಾಡಿಗೇ ವಿಶೇಷ. ಮಳೆಗೆ ಕರೆಂಟ್ ಹೋಗಿ ಸೆಲ್ ಹಾಕಿ ರೆಕಾರ್ಡ್ ಮಾಡಿದ್ದರೆ, ಸೆಲ್ ಇಳಿದ ಹಾಗೆಲ್ಲ ಟೇಪ್ ನಿಧಾನವಾಗಿ ಓಡಿರುತ್ತದೆ. ಈಗ ಸರಿಯಾದ ವೇಗದಲ್ಲಿ ಕೇಳಿದರೆ ಶ್ರುತಿ ಏರುತ್ತಾ ಹೋಗುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರ ಶ್ರುತಿಯಲ್ಲಿ ಶುರುವಾದ ಕಾರ್ಯಕ್ರಮ ಕ್ಯಾಸೆಟ್ ಮುಗಿಯುವಷ್ಟರಲ್ಲಿ ಅದರ ಮೇಲಿನ ಬಿಳಿ ಎರಡಕ್ಕೆ ಬಂದಿರುತ್ತದೆ. ಹಾಡುವವರ ಶ್ರುತಿ ಜಾರಬಹುದು, ಹಾರ್ಮೋನಿಯಂ ಜಾರುವುದಿಲ್ಲ ಅಲ್ವಾ? ಆ ಪೆಟ್ಟಿಗೆ ಇನ್ನೂ ನಿಮ್ಮ ಬಳಿ ಇದ್ದರೆ ಅದರ ಜತೆ ಹೋಲಿಸಿ ವೇಗ ಸರಿಮಾಡಿ.

ಸದ್ದು ಶುದ್ಧ ಮಾಡುವ ಆಸೆಗೆ ಲಗಾಮು ಇರಲಿ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವ ಸದ್ದು ತೆಗೆಯಿರಿ, ತಪ್ಪಿಲ್ಲ. ಟೇಪಿನ ಸುಂಯ್ ಎನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋದರೆ ತಬಲಾದ ತುದಿಯೂ ಅದರ ಜತೆ ಹೋಗುತ್ತದೆ. ನಾನೇ ಒಮ್ಮೆ ಸಾಗರದ ಒಬ್ಬರಿಗೆ ಅವರ ಮನೆಯ ಭಜನೆ ಕ್ಯಾಸೆಟ್ ಚೊಕ್ಕ ಮಾಡಿ ಕೊಟ್ಟಿದ್ದೆ. ಹಾಡಿನ ನಡುವಿನ ಮಾತು, ಕೆಮ್ಮು ಎಲ್ಲ ಕತ್ತರಿಸಿದ್ದೆ. ಅವರು ಪೂರ್ತಿ ಕೇಳಿ, "ಅಣ್ಣ 'ಶ್ರುತಿ ಇಳ್ಸೋ ಮಾರಾಯ' ಅಂತಿದ್ದ, ಅದೆಲ್ಲಿ?" ಎಂದರು. ಅಣ್ಣ ತೀರಿಹೋಗಿ ಆರು ವರ್ಷ ಆಗಿತ್ತು. ಅವರಿಗೆ ಬೇಕಿದ್ದದ್ದು ಅದೊಂದೇ ಸಾಲು. ಪುಣ್ಯಕ್ಕೆ ಮೂಲ ಫೈಲ್ ಅಳಿಸಿರಲಿಲ್ಲ. ಆವತ್ತಿನಿಂದ ನಾನು ಒಂದು ಬದಿಯನ್ನು ಪೂರ್ತಿ, ತುಂಡು ಮಾಡದೆ ತೆಗೆದಿಡುತ್ತೇನೆ. ಕತ್ತರಿ ಏನಿದ್ದರೂ ಅದರ ನಕಲಿನ ಮೇಲೆ.

ಇನ್ನು ಹಕ್ಕಿನ ಮಾತು. ನಿಮ್ಮ ಕಾಗದದಲ್ಲಿ ನೀವು ಕೇಳದೇ ಬಿಟ್ಟ ಪ್ರಶ್ನೆ ಇದು. ಕ್ಯಾಸೆಟ್ ನಿಮ್ಮದು ಅಂದ ಮಾತ್ರಕ್ಕೆ ಅದರೊಳಗಿನದ್ದೆಲ್ಲ ನಿಮ್ಮದಲ್ಲ. ಒಂದು ಹಾಡಿನಲ್ಲಿ ಸಾಹಿತ್ಯ ಒಬ್ಬರದು, ರಾಗ ಸಂಯೋಜನೆ ಇನ್ನೊಬ್ಬರದು, ರೆಕಾರ್ಡಿಂಗ್ ಮತ್ತೊಬ್ಬರದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆವರೆಗೆ. ಶಿವರುದ್ರಪ್ಪನವರು 2013ರಲ್ಲಿ, ಅಂದರೆ 2073ರ ಕೊನೆವರೆಗೆ. ಹಕ್ಕು ಹೊಂದಿರುವವರಿಂದ ಲಿಖಿತ ಒಪ್ಪಿಗೆ ಬೇಕು. ಶರೀಫರ ಪದ ಎಲ್ಲರದು. ಆದರೆ ಆ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ರಾಗದಲ್ಲಿ ನೀವು ಹಾಡಿದ್ದರೆ ಆ ರಾಗ ಅವರದು. ಅವರು ಹೋದದ್ದು 2009ರಲ್ಲಿ, ಲೆಕ್ಕ 2069ಕ್ಕೆ ಬರುತ್ತದೆ. ರೇಡಿಯೊದಿಂದ ಹಿಡಿದುಕೊಂಡ ಭದ್ರಾವತಿ ಆಕಾಶವಾಣಿ ಕಾರ್ಯಕ್ರಮ ಏನಾದರೂ ಅದರಲ್ಲಿದ್ದರೆ, ಹಾಡಿದ್ದು ನೀವೇ ಆಗಿದ್ದರೂ ಅದನ್ನು ಪಕ್ಕಕ್ಕಿಡಿ.

ಹಾಡಿದವರಿಗೆ, ನುಡಿಸಿದವರಿಗೆ ಕೂಡ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ. ಕಾಯ್ದೆ ಹಾಗಿರಲಿ, ತಬಲಾ ನುಡಿಸಿದವರನ್ನು ಕೇಳದೆ ಆಲ್ಬಮ್ ತಂದರೆ ನಾಳೆ ಸಂತೆಯಲ್ಲಿ ಮುಖ ಹೇಗೆ ತೋರಿಸುತ್ತೀರಿ? ತಂಡದಲ್ಲಿ ಇರುವವರನ್ನೆಲ್ಲ ಒಂದು ದಿನ ಮನೆಗೆ ಕರೆಯಿರಿ. ಕ್ಯಾಸೆಟ್ ಹಾಕಿ. ಯಾವ ಊರು, ಯಾವ ವರ್ಷ, ಯಾರು ಏನು ನುಡಿಸಿದ್ದು ಎಂದು ಅವರು ಜಗಳ ಆಡಲಿ, ನೀವು ಬರೆದುಕೊಳ್ಳಿ. ಹೋಗುವಾಗ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳಿ, ಹಣ ಬಂದರೆ ಯಾರಿಗೆ ಎಷ್ಟು ಅಂತಲೂ ಅದರಲ್ಲೇ ಇರಲಿ.

ನನ್ನ ಸಲಹೆ ಕೇಳಿದರೆ, ಮೊದಲ ಆಲ್ಬಮ್ಮಿಗೆ ನೀವೇ ಬರೆದು ರಾಗ ಹಾಕಿದ ಹಾಡುಗಳನ್ನಷ್ಟೇ ತೆಗೆದುಕೊಳ್ಳಿ. ಒಂಬತ್ತೋ ಹತ್ತೋ ಸಾಕು. ಒಪ್ಪಿಗೆಗೆ ಅಲೆಯುವುದು ಕಮ್ಮಿ. ಅದಕ್ಕಿಂತ ಹೆಚ್ಚಾಗಿ, ಕುವೆಂಪು ಕವಿತೆ ಹಾಡಿದವರು ನೂರು ಜನ ಸಿಗುತ್ತಾರೆ. ನಿಮ್ಮ ಹಾಡು ನಿಮ್ಮ ಅಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಸ್ಪಾಟಿಫೈ, ಜಿಯೋಸಾವನ್ ಮುಂತಾದ ಕಡೆಗೆ ನೀವೇ ನೇರವಾಗಿ ಹಾಕಲು ಬರುವುದಿಲ್ಲ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರ ಮೂಲಕ ಹೋಗಬೇಕು. ಪ್ರತಿ ಹಾಡಿಗೂ 12 ಅಕ್ಷರ-ಅಂಕಿಗಳ ಐ.ಎಸ್.ಆರ್.ಸಿ. ಎಂಬ ಗುರುತಿನ ಸಂಖ್ಯೆ ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಮುಂದೆ ವಿತರಕರನ್ನು ಬದಲಿಸಿದರೂ ಅದೇ ಸಂಖ್ಯೆ ಕೊಡಬೇಕು. ದುಡ್ಡಿನ ಆಸೆ ಇಟ್ಟುಕೊಳ್ಳಬೇಡಿ. ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಿಸದಿದ್ದರೆ ಸ್ಪಾಟಿಫೈ ಆ ಹಾಡಿಗೆ ಏನೂ ಕೊಡುವುದಿಲ್ಲ. 2024ರಿಂದ ಹಾಗೆ. ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಬೆಲೆ ನೀವೇ ಇಡಬಹುದು, ಡಿಜಿಟಲ್ ಮಾರಾಟದಲ್ಲಿ ಅವರು 15% ಇಟ್ಟುಕೊಳ್ಳುತ್ತಾರೆ. ಜತೆಗೆ ಹಾಡಿನ ಹಿನ್ನೆಲೆ ಬರೆಯಲು ಅಲ್ಲಿ ಜಾಗ ಇದೆ. ನಿಮ್ಮಂಥವರಿಗೆ ಅದೇ ಹೊಂದುತ್ತದೆ ಅನ್ನಿಸುತ್ತದೆ.

ಪ್ರಶ್ನೆ: ದೀಪಾವಳಿ ರಾತ್ರಿ ಮನೆಮನೆಗೆ ದೀಪ ತರುವ ಅಂಟಿಗೆ-ಪಂಟಿಗೆಯವರ ಹಾಡನ್ನು ನಮ್ಮಪ್ಪ 1991ರಲ್ಲಿ ರೆಕಾರ್ಡ್ ಮಾಡಿದ್ದರು. ಜಾನಪದ ತಾನೇ, ಬಿಡುಗಡೆಗೆ ಯಾರ ಒಪ್ಪಿಗೆಯೂ ಬೇಡ ಅಲ್ವಾ? (ಸಾಗರ)

ಉತ್ತರ: ಹಾಡು ಯಾರಪ್ಪನದೂ ಅಲ್ಲ, ಸರಿ. ಆದರೆ ಆ ರಾತ್ರಿ ನಿಮ್ಮ ಜಗಲಿಯ ಮುಂದೆ ನಿಂತು ಹಾಡಿದವರು ಅಕ್ಕಪಕ್ಕದ ಊರಿನವರೇ ಇರಬೇಕು. ಅವರನ್ನೋ ಅವರ ಮಕ್ಕಳನ್ನೋ ಹುಡುಕಿ ಕೇಳಿಸಿ, ಒಪ್ಪಿಗೆ ತೆಗೆದುಕೊಳ್ಳಿ. ಹಾಡಿದವರ ಹೆಸರಿನ ಜಾಗದಲ್ಲಿ ಸುಮ್ನೆ 'ಜಾನಪದ' ಅಂತ ಬರೆದು ಮುಗಿಸಬೇಡಿ, ಒಬ್ಬೊಬ್ಬರ ಹೆಸರೂ ಹಾಕಿ. ಮೂರು ನಿಮಿಷಕ್ಕೆ ಕತ್ತರಿಸುವುದೂ ಬೇಡ. ಹಾಡು ಎಷ್ಟು ಉದ್ದವೋ ಅಷ್ಟು ಇರಲಿ, ನಾಯಿ ಬೊಗಳಿದ್ದೂ ಇರಲಿ.

ಪ್ರಶ್ನೆ: 1979ರ ಸ್ಪೂಲ್ ಟೇಪ್ (ಕ್ಯಾಸೆಟ್ ಅಲ್ಲ, ಬಿಡಿ ಸುರುಳಿಯದು) ಹಾಕಿದರೆ ಕಿರ್ ಎಂದು ಕೂಗಿ ನಿಂತೇಹೋಗುತ್ತದೆ. ಹೆಡ್ಡಿನ ಮೇಲೆ ಕಂದು ಅಂಟು. ಆಸೆ ಬಿಡಲೇ? (ಹೊಸನಗರ)

ಉತ್ತರ: ಬಿಡಬೇಡಿ, ಆದರೆ ಓಡಿಸುವುದನ್ನು ಈಗಲೇ ನಿಲ್ಲಿಸಿ. ಆ ಕಾಲದ, ಹಿಂಬದಿಗೆ ಕಪ್ಪು ಲೇಪ ಇರುವ ಕೆಲವು ಪಾಲಿಯೆಸ್ಟರ್ ಟೇಪುಗಳ ಅಂಟು ತೇವ ಕುಡಿದು ಹೀಗಾಗುತ್ತದೆ. ಬಲ್ಲವರು ಸುಮಾರು 50ರಿಂದ 55 ಡಿಗ್ರಿ ಹದ ಶಾಖದಲ್ಲಿ ಹಲವು ಗಂಟೆ ಇಟ್ಟು, ಕೆಲವು ವಾರದ ಮಟ್ಟಿಗೆ ಓಡುವ ಹಾಗೆ ಮಾಡುತ್ತಾರೆ. ಅಷ್ಟರೊಳಗೆ ನಕಲು ತೆಗೆದುಕೊಳ್ಳಬೇಕು. ಒಂದು ಎಚ್ಚರಿಕೆ: ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬಂದರೆ, ಅಥವಾ ಹುಳಿ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಟೇಪು. ಅದಕ್ಕೆ ಶಾಖ ಕೊಡಲೇಬಾರದು. ಎರಡರಲ್ಲಿ ಯಾವುದೇ ಆಗಲಿ, ಮನೆಯ ಹೇರ್ ಡ್ರೈಯರ್ ಮಾತ್ರ ಹಿಡಿಯಬೇಡಿ.