ಅವಳು ಸುಮ್ಮನಿದ್ದರೆ ಒಪ್ಪಿಗೆ ಅಂತ ಅರ್ಥವಾ?

ಅಲ್ಲ. ಡಿಗ್ರಿ ಎರಡನೇ ವರ್ಷ, ಲವ್ ಶುರುವಾಗಿ ವರ್ಷವಾಯಿತು, ಫ್ರೆಂಡ್ಸ್ ಗೇಲಿ ಮಾಡುತ್ತಾರೆ, ದೈಹಿಕ ಸಂಬಂಧದ ಮಾತೆತ್ತಿದರೆ ಅವಳು ಹೂಂ ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ, ಇದನ್ನು ಒಪ್ಪಿಗೆ ಅಂದುಕೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಅಂದುಕೊಳ್ಳಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಅವಳಿಗಿಂತ ಜಾಸ್ತಿ ಕಂಡಿದ್ದು ನಿಮ್ಮ ಫ್ರೆಂಡ್ಸೇ. ನಾನೂ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಮುಗಿಸಿದವನು. ರಾತ್ರಿ ಊಟ ಆದಮೇಲೆ ಯಾರದೋ ರೂಮಿನಲ್ಲಿ ಸೇರುವುದು, ಲವರ್ ಇರುವವನನ್ನು ಮಧ್ಯೆ ಕೂರಿಸಿಕೊಂಡು "ಏನ್ ಮಗಾ, ಇನ್ನೂ ಐಸ್‌ಕ್ರೀಮ್ ಕೊಡ್ಸೋದ್ರಲ್ಲೇ ಇದೀಯಾ?" ಅಂತ ಶುರು ಮಾಡುವುದು. ಏನೂ ಆಗಿಲ್ಲ ಅಂದರೆ ಮರ್ಯಾದೆ ಹೋಗುತ್ತದಲ್ಲ, ಅದಕ್ಕೆ ಅವನೊಂದಿಷ್ಟು ರೀಲು ಬಿಡುತ್ತಾನೆ. ಕೇಳಿಸಿಕೊಂಡ ಪಕ್ಕದವನು ಎಲ್ಲರಿಗೂ ಆಗಿದೆ, ನಾನೊಬ್ಬನೇ ಬಾಕಿ ಅಂದುಕೊಳ್ಳುತ್ತಾನೆ. ಮುಂದಿನ ವಾರ ಅವನೂ ಬಿಡುತ್ತಾನೆ. ಅಲ್ಲಿ ಕೇಳಿದ್ದರಲ್ಲಿ ನಿಜ ಎಷ್ಟಿತ್ತೋ!

ಅವಳಿಗೂ ಇಂಥದ್ದೇ ಕಾಟ, ಇನ್ನೂ ಜಾಸ್ತಿ. ಬೇಡ ಅಂದರೆ "ನನ್ ಮೇಲೆ ನಂಬಿಕೆ ಇಲ್ವಾ" ಅನ್ನುತ್ತೀರಿ. ಹೂಂ ಅಂದರೆ ನಾಳೆ ಕ್ಲಾಸಿನ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಅವಳದ್ದೇ ಮಾತು. ಮನೆಗೆ ಗೊತ್ತಾದರೆ ಓದು ಬಿಡಿಸಿ ಗಂಡು ಹುಡುಕುವ ಭಯ. ಪಿಜಿ ಗೇಟು ಹಾಕುವ ಹೊತ್ತಾಗಿದೆ, ವಾಪಸ್ ಹೋಗಲು ನಿಮ್ಮ ಬೈಕೇ ಗತಿ ಅನ್ನುವಂಥ ಕಡೆ ಕೇಳಿದರೆ, ನಿಮಗೆ ಸಿಟ್ಟು ಬರಿಸುವುದು ಬೇಡ ಅಂತಲೇ ಸುಮ್ಮನಾಗಿಬಿಡಬಹುದು. "ಮೌನಂ ಸಮ್ಮತಿ ಲಕ್ಷಣಂ" ಅನ್ನುವುದು ಹೆಣ್ಣು ನೋಡುವ ಶಾಸ್ತ್ರದಲ್ಲಿ ದೊಡ್ಡವರಿಗೆ ಅನುಕೂಲವಾಗಿದ್ದ ಮಾತು. (ಅಲ್ಲೂ ಹುಡುಗಿಯನ್ನು ಸರಿಯಾಗಿ ಕೇಳಿದವರು ಎಷ್ಟು ಜನರೋ.)

ಕಾನೂನೂ ಅದನ್ನು ಒಪ್ಪುವುದಿಲ್ಲ. 2013ರಲ್ಲಿ ಹಳೆಯ ದಂಡ ಸಂಹಿತೆಯ (ಐಪಿಸಿ) ಅತ್ಯಾಚಾರದ ಸೆಕ್ಷನ್ 375ಕ್ಕೆ ಸೇರಿಸಿದ ವಿವರಣೆ ಈಗ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲಿದೆ. ಮಾತಿನಲ್ಲೋ ಸನ್ನೆಯಲ್ಲೋ ಅವಳು ತಾನಾಗಿ, ಅನುಮಾನಕ್ಕೆ ಜಾಗವಿಲ್ಲದಂತೆ ತಿಳಿಸಿದರೆ ಮಾತ್ರ ಒಪ್ಪಿಗೆ. ಕೈ ತಳ್ಳಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದಳು ಅಂತಲ್ಲ. ಏನು ನಡೆಯುತ್ತಿದೆ ಅಂತ ಗೊತ್ತಾಗದಷ್ಟು ಕುಡಿದಾಗ ಅಂದ ಹೂಂ ಕೂಡ ಲೆಕ್ಕಕ್ಕಿಲ್ಲ. ಇನ್ನು 18 ತುಂಬಿಲ್ಲದಿದ್ದರೆ ಅವಳು ಬಾಯಿ ತುಂಬಾ ಒಪ್ಪಿದರೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆಯಡಿ ಕೇಸೇ. ಡಿಗ್ರಿ ಮೊದಲ ವರ್ಷದಲ್ಲಿ 17ರವರೂ ಇರುತ್ತಾರೆ, ಇದನ್ನು ಕ್ಲಾಸಿನಲ್ಲಿ ಯಾರು ಹೇಳಿಕೊಡುತ್ತಾರೆ ಹೇಳಿ?

ಹಾಗಾಗಿ ಬಾಯಿಬಿಟ್ಟು ಕೇಳಿ. ಹಗಲು ಹೊತ್ತು, ಕ್ಯಾಂಟೀನಿನಲ್ಲೋ ಪಾರ್ಕಿನಲ್ಲೋ, ಅವಳು ಬೇಕೆಂದಾಗ ಎದ್ದು ಹೋಗಬಹುದಾದ ಕಡೆ. ಇಷ್ಟ ಇಲ್ಲ ಅಂದರೂ ನಮ್ಮಿಬ್ಬರ ಮಧ್ಯೆ ಏನೂ ಬದಲಾಗಲ್ಲ ಅಂತ ಮೊದಲೇ ಹೇಳಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಮೆಸೇಜಿಗೆ ಉತ್ತರ ಕೊಡದೆ ಮುಖ ಊದಿಸಿಕೊಂಡು ಕೂತರೆ ಅದೂ ಒತ್ತಾಯವೇ. ಅದಕ್ಕೂ ಮೊದಲು, ಇದು ನಿಮಗೇ ಬೇಕಾ, ಇಲ್ಲಾ ರೂಮ್‌ಮೇಟ್‌ಗಳಿಗೆ ಹೇಳಿಕೊಳ್ಳಲು ಬೇಕಾ ಅಂತ ಯೋಚನೆ ಮಾಡಿ.

ಫ್ರೆಂಡ್ಸ್ ಮತ್ತೆ ಕೆಣಕಿದರೆ "ಅದು ನಮ್ಮಿಬ್ಬರ ವಿಷಯ ಮಗಾ" ಅಂದುಬಿಡಿ. ಒಂದು ವಾರ ಆಡಿಕೊಳ್ಳುತ್ತಾರೆ. ಆಮೇಲೆ ಬೇರೆ ಯಾರಾದರೂ ಸಿಗುತ್ತಾರೆ ಅವರಿಗೆ.